ಚಳಿ-ಮಳೆಯ ಬ್ರಿಟನ್ನಿನಲ್ಲಿ ರೆಸಿನ್ ಅಂಗಳ: ಗುಟ್ಟೆಲ್ಲ ಕೆಳಗಿನ ಪದರದಲ್ಲಿ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ ಬೀಳುತ್ತದೆ. ಲಂಡನ್ನಿನಲ್ಲಿ ಸುಮಾರು 600. ಆದರೂ ಒದ್ದೆ ಅಂಗಳದ ಚಿಂತೆ ಲಂಡನ್ನಿನವರಿಗೇ ಜಾಸ್ತಿ. ಕಾರಣ ಬಿಸಿಲು. ಬೆಂಗಳೂರಿನಲ್ಲಿ ಸಂಜೆ ಎಷ್ಟೇ ಜೋರಾಗಿ ಮಳೆ ಹೊಯ್ದರೂ ಮಾರನೇ ದಿನ ನಾಲ್ಕು ತಾಸು ಬಿಸಿಲು ಬಿದ್ದರೆ ಅಂಗಳ ಒಣಗುತ್ತದೆ. ಲಂಡನ್ನಿನ ಡಿಸೆಂಬರ್ ಕೊನೆಯಲ್ಲಿ ಹಗಲು ಎಂಟು ತಾಸೂ ಇರುವುದಿಲ್ಲ. ನಡುಮಧ್ಯಾಹ್ನ ಕೂಡ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತಾನೆ. ಎದುರುಮನೆಯ ನೆರಳೇ ಅಂಗಳವನ್ನು ದಿನವಿಡೀ ಮುಚ್ಚಿಕೊಂಡಿರುತ್ತದೆ. ಬಿದ್ದ ನೀರು ಆರುವುದೇ ಇಲ್ಲ.

ಆರದ ನೀರಿಗೆ ಉಳಿಯುವ ದಾರಿ ಎರಡು. ಪಕ್ಕಕ್ಕೆ ಹರಿಯಬೇಕು, ಇಲ್ಲವೇ ಕೆಳಗೆ ಇಂಗಬೇಕು. ಎರಡೂ ಆಗದಿದ್ದರೆ ಅಲ್ಲೇ ನಿಂತು ರಾತ್ರಿ ಐಸ್ ಆಗುತ್ತದೆ, ವಾರಗಟ್ಟಲೆ ಹಾಗೇ ಇದ್ದರೆ ಪಾಚಿ ಕಟ್ಟುತ್ತದೆ. ಬ್ರಿಟನ್ನಿನ ಮನೆಗಳ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಗಳಲ್ಲೂ ಹಿತ್ತಿಲಿನಲ್ಲಿ ಕೂರಲು ನೆಲ ಹಾಸಿದ ಪ್ಯಾಟಿಯೊಗಳಲ್ಲೂ ಕಳೆದ ಎರಡು ದಶಕಗಳಲ್ಲಿ ರೆಸಿನ್ ಬೌಂಡ್ ನೆಲ, ಅಂದರೆ ಸಣ್ಣ ಕಲ್ಲುಗಳನ್ನು ಅಂಟಿನಿಂದ ಕೂಡಿಸಿದ ನೆಲ, ಬಹಳ ಹರಡಿದೆ. ಅದಕ್ಕೆ ಒಂದು ದೊಡ್ಡ ಕಾರಣ, ಅದು ನೀರನ್ನು ಕೆಳಗೆ ಬಿಡುತ್ತದೆ ಎಂಬುದು. ಜಾಹೀರಾತುಗಳು ಮಾತ್ರ ಬಣ್ಣ, ಹೊಳಪಿನ ಬಗ್ಗೆಯೇ ಹೇಳುತ್ತವೆ. ಅಲ್ಲಿ ಮನೆ ಕೊಂಡಿರುವ, ಕೊಳ್ಳಲು ಹೊರಟಿರುವ ಕನ್ನಡಿಗರೂ ಬಹಳ ಮಂದಿ ಇದ್ದಾರೆ. ಅಂಗಳಕ್ಕೆ ಸಾವಿರಾರು ಪೌಂಡ್ ಸುರಿಯುವ ಮೊದಲು ಇದರ ಕೆಲಸ ಹೇಗೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಏನಿದು ರೆಸಿನ್ ಬೌಂಡ್?

ಮಂಡಕ್ಕಿ ಉಂಡೆ ಕಟ್ಟುವುದನ್ನು ನೆನಪಿಸಿಕೊಳ್ಳಿ. ಪ್ರತಿ ಮಂಡಕ್ಕಿಗೂ ಬೆಲ್ಲದ ಪಾಕ ತೆಳ್ಳಗೆ ಹತ್ತಿರುತ್ತದೆ. ಒಂದಕ್ಕೊಂದು ತಾಗಿದ ಕಡೆ ಅಂಟಿಕೊಳ್ಳುತ್ತವೆ, ನಡುವಿನ ಸಂದುಗಳು ಖಾಲಿ ಉಳಿಯುತ್ತವೆ. ರೆಸಿನ್ ಬೌಂಡ್ ನೆಲವೂ ಅದೇ ರೀತಿಯದು. ಮಂಡಕ್ಕಿಯ ಜಾಗದಲ್ಲಿ ಒಲೆಯಲ್ಲಿ ಒಣಗಿಸಿದ ಸಣ್ಣ ಕಲ್ಲು, ಪಾಕದ ಜಾಗದಲ್ಲಿ ಪಾಲಿಯುರೆಥೇನ್ ಎಂಬ ಅಂಟು.

ಕಲ್ಲುಗಳು ಸಾಮಾನ್ಯವಾಗಿ 1ರಿಂದ 6 ಮಿಲಿಮೀಟರ್ ಗಾತ್ರದವು. ಗ್ರಾನೈಟ್, ಕ್ವಾರ್ಟ್ಸ್, ಅಮೃತಶಿಲೆಯ ಚೂರು, ನದಿಯ ನುಣುಪು ಕಲ್ಲು, ಹೀಗೆ ಹಲವು ಬಗೆ. 100 ಕಿಲೋ ಕಲ್ಲಿಗೆ ಏಳೆಂಟು ಕಿಲೋ ರೆಸಿನ್, ಜೊತೆಗೆ ಒಂದಿಷ್ಟು ಒಣ ಮರಳು. ಇವನ್ನೆಲ್ಲ ಮಿಕ್ಸರಿನಲ್ಲಿ ಹಾಕಿ ಪ್ರತಿ ಕಲ್ಲಿಗೂ ಅಂಟು ಹತ್ತುವಂತೆ ಕಲಸುತ್ತಾರೆ. ಆಮೇಲೆ ನೆಲಕ್ಕೆ ಸುರಿದು ಕರಣೆಯಿಂದ ಒತ್ತಿ ಮಟ್ಟ ಮಾಡುತ್ತಾರೆ. ಕಾರು ಓಡಾಡುವ ಕಡೆ ದಪ್ಪ ಸುಮಾರು 15ರಿಂದ 18 ಮಿಲಿಮೀಟರ್. ಬರೀ ನಡೆಯುವ ಜಾಗಕ್ಕೆ ಇನ್ನೂ ಸ್ವಲ್ಪ ತೆಳುವಾದರೂ ಸಾಕು. ಗಟ್ಟಿಯಾದ ಮೇಲೆ ನೋಡಿದರೆ ಜಲ್ಲಿ ಹರಡಿದಂತೆಯೇ ಕಾಣುತ್ತದೆ, ಆದರೆ ಒಂದು ಕಲ್ಲೂ ಅಲುಗುವುದಿಲ್ಲ. ನೀರು ಸುರಿದರೆ ಸಂದುಗಳಲ್ಲಿ ನೇರ ಇಳಿದು ಹೋಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಬೇಕು. ರೆಸಿನ್ ಬಾಂಡೆಡ್ ಅನ್ನುವ ಇನ್ನೊಂದು ಬಗೆ ಇದೆ. ಹೆಸರು ಹೆಚ್ಚುಕಡಿಮೆ ಅದೇ ಥರ ಕೇಳಿಸುತ್ತದೆ. ಅದರಲ್ಲಿ ಮೊದಲು ನೆಲದ ಮೇಲೆ ರೆಸಿನ್ ಬಳಿದು, ಅದರ ಮೇಲೆ ಒಣ ಕಲ್ಲು ಎರಚುತ್ತಾರೆ. ಕಲ್ಲಿನ ಕೆಳಗೆ ಅಂಟಿನ ಹಾಳೆಯೇ ಇರುವುದರಿಂದ ನೀರು ಇಳಿಯುವುದಿಲ್ಲ. ಹಿಡಿತ ಚೆನ್ನಾಗಿರುತ್ತದೆ, ಖರ್ಚೂ ಕಡಿಮೆ ಬೀಳಬಹುದು. ಆದರೆ ಈ ಲೇಖನದಲ್ಲಿ ಹೇಳುತ್ತಿರುವ ಮಳೆಗಾಲದ ಲಾಭ ಅದರಿಂದ ಸಿಗದು. ಕೊಟೇಶನ್ ಕೈಗೆ ಬಂದಾಗ ಎರಡರಲ್ಲಿ ಯಾವುದು ಎಂದು ಮೊದಲು ನೋಡಿಕೊಳ್ಳಿ.

ಇಳಿದ ನೀರು ಎಲ್ಲಿಗೆ ಹೋಗುತ್ತದೆ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಮೇಲಿನ 18 ಮಿಲಿಮೀಟರ್ ಎಷ್ಟೇ ಚೆನ್ನಾಗಿರಲಿ, ಅದರ ಕೆಳಗೆ ನೀರಿಗೆ ಜಾಗವಿಲ್ಲದಿದ್ದರೆ ಅದು ಬರೀ ಅಲಂಕಾರ. ಚಳಿಗಾಲದಲ್ಲಿ ಅಂಗಳವನ್ನು ಕಾಯುವುದು ಕಣ್ಣಿಗೆ ಕಾಣದ ಪದರಗಳು.

ಸರಿಯಾಗಿ ಮಾಡಿದ ಡ್ರೈವ್‌ವೇಯಲ್ಲಿ ರೆಸಿನ್ ಪದರದ ಕೆಳಗೆ ಸಂದುಗಳಿರುವ ಟಾರು ಹಾಕಿರುತ್ತಾರೆ. ರಸ್ತೆಗೆ ಹಾಕುವ ದಟ್ಟ ಟಾರಿನಲ್ಲಿ ದೊಡ್ಡ ಕಲ್ಲಿನ ನಡುವೆ ಸಣ್ಣ ಕಲ್ಲು, ಅದರ ನಡುವೆ ಪುಡಿ ತುಂಬಿರುತ್ತದೆ. ಇದರಲ್ಲಿ ಪುಡಿ ತೀರಾ ಕಡಿಮೆ, ಹಾಗಾಗಿ ನೀರು ದಾಟಿ ಹೋಗುತ್ತದೆ. ಅದರ ಕೆಳಗೆ ದಪ್ಪನೆಯ ಜಲ್ಲಿಯ ಹಾಸು. ಬ್ರಿಟನ್ನಿನ ಕೆಲಸಗಾರರು ಈ ಜಲ್ಲಿಯಲ್ಲಿ ಟೈಪ್ 1, ಟೈಪ್ 3 ಎಂದು ವಿಂಗಡಿಸುತ್ತಾರೆ. ಟೈಪ್ 1ರಲ್ಲಿ ಧೂಳಿನವರೆಗೂ ಎಲ್ಲ ಗಾತ್ರ ಸೇರಿರುತ್ತದೆ. ರೋಲರ್ ಹೊಡೆದರೆ ಬಿಗಿಯಾಗಿ ಕೂರುತ್ತದೆ, ನೀರನ್ನು ಸುಲಭವಾಗಿ ಬಿಡುವುದಿಲ್ಲ. ಟೈಪ್ 3ರಲ್ಲಿ ಪುಡಿ ಕಡಿಮೆ, ಕಲ್ಲುಗಳ ನಡುವೆ ಸಂದು ಉಳಿಯುತ್ತದೆ. ನೀರು ಇಂಗುವ ಅಂಗಳಕ್ಕೆ ಬೇಕಾಗುವುದು ಇದು.

ಈ ಹಾಸಿನಲ್ಲಿ ನೀರು ಇಳಿಯುವುದಷ್ಟೇ ಅಲ್ಲ, ಸ್ವಲ್ಪ ಹೊತ್ತು ತಂಗುತ್ತದೆ ಕೂಡ. ಒಂದು ಲೆಕ್ಕ ಹಾಕೋಣ. ಡ್ರೈವ್‌ವೇ 40 ಚದರ ಮೀಟರ್ ಇದೆ ಎಂದುಕೊಳ್ಳಿ. ಒಂದು ದಿನದಲ್ಲಿ 20 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಬೀಳುವ ನೀರು 800 ಲೀಟರ್. ಕೆಳಗೆ 150 ಮಿಲಿಮೀಟರ್ ದಪ್ಪದ ಜಲ್ಲಿ ಇದೆ, ಅದರಲ್ಲಿ ಸುಮಾರು ಶೇಕಡಾ 30ರಷ್ಟು ಖಾಲಿ ಜಾಗ. ಆಗ ಅಲ್ಲಿ 1,800 ಲೀಟರ್ ನೀರು ಹಿಡಿಯುತ್ತದೆ. ಮಣ್ಣು ಒಂದು ಹನಿಯನ್ನೂ ಕುಡಿಯದಿದ್ದರೂ 45 ಮಿಲಿಮೀಟರ್ ಮಳೆಗೆ ಜಾಗ ಇದೆ ಅಂತಾಯಿತು. ಆ ನೀರು ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ನೆಲಕ್ಕೆ ಇಂಗುತ್ತದೆ.

ಲಂಡನ್ ಸುತ್ತಮುತ್ತ ಜೇಡಿ ಮಣ್ಣು ಬಹಳ. ಚಳಿಗಾಲದಲ್ಲಿ ಅದು ಮೊದಲೇ ನೆನೆದು ಕೂತಿರುತ್ತದೆ, ಹೆಚ್ಚಿನ ನೀರು ಎಳೆದುಕೊಳ್ಳುವುದಿಲ್ಲ. ಹಾಗೆಂದು ರೆಸಿನ್ ಬೌಂಡ್ ಅಲ್ಲಿ ಆಗುವುದಿಲ್ಲ ಎಂದೇನಿಲ್ಲ. ಜಲ್ಲಿಯ ಹಾಸನ್ನು ದಪ್ಪ ಮಾಡಿ, ತಳದಲ್ಲಿ ತೂತಿನ ಪೈಪು ಕೂರಿಸಿ, ಉಳಿದ ನೀರು ಸಣ್ಣಗೆ ಹೊರಹೋಗುವಂತೆ ಮಾಡುತ್ತಾರೆ. ಮರಳು ಮಣ್ಣಿನ ಊರಾದರೆ ಪೈಪೂ ಬೇಡ, ಎಲ್ಲ ನೀರೂ ಅಲ್ಲೇ ಇಂಗುತ್ತದೆ. ಅದಕ್ಕೇ ಒಳ್ಳೆಯ ಗುತ್ತಿಗೆದಾರ ಮೊದಲು ಒಂದು ಗುಂಡಿ ತೋಡಿ, ನೀರು ತುಂಬಿಸಿ, ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ನೋಡುತ್ತಾನೆ. ಅದನ್ನು ನೋಡದೆ ದರ ಹೇಳುವವರನ್ನು ನಾನಂತೂ ನಂಬುವುದಿಲ್ಲ.

2007ರ ಪ್ರವಾಹ, 2008ರ ನಿಯಮ

ಈ ನೆಲಕ್ಕೆ ಇಂಗ್ಲೆಂಡಿನಲ್ಲಿ ಬೇಡಿಕೆ ಹೆಚ್ಚಿದ್ದರ ಹಿಂದೆ ಒಂದು ದುರಂತವಿದೆ. 2007ರ ಬೇಸಿಗೆಯಲ್ಲಿ ಹಲ್, ಶೆಫೀಲ್ಡ್, ಟ್ಯೂಕ್ಸ್‌ಬರಿ ಮೊದಲಾದ ಕಡೆ ಭಾರಿ ಪ್ರವಾಹ ಬಂತು. 13 ಜನ ಸತ್ತರು. ಸುಮಾರು 55,000 ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ನದಿ ಉಕ್ಕಿ ಬಂದ ನೀರಷ್ಟೇ ಅಲ್ಲ, ಚರಂಡಿಗಳು ತುಂಬಿ ಬೀದಿಯಲ್ಲೇ ಹರಿದ ಮಳೆನೀರೂ ಇದರಲ್ಲಿ ದೊಡ್ಡ ಪಾಲು. ಸರ್ಕಾರ ಸರ್ ಮೈಕೆಲ್ ಪಿಟ್ ಅವರಿಂದ ವಿಚಾರಣೆ ಮಾಡಿಸಿತು. ಮನೆ ಮುಂದಿನ ಹಸಿರನ್ನು ಕಿತ್ತು ನೀರು ಇಂಗದ ನೆಲ ಹಾಕಲು ಯಾರಿಗೂ ಸುಮ್ನೆ ಅವಕಾಶ ಇರಬಾರದು ಎಂಬುದು ಅವರ ಶಿಫಾರಸುಗಳಲ್ಲಿ ಒಂದು.

ಅದರ ಫಲವಾಗಿ 2008ರ ಅಕ್ಟೋಬರ್ 1ರಿಂದ ನಿಯಮ ಬದಲಾಯಿತು. ಇಂಗ್ಲೆಂಡಿನಲ್ಲಿ ಮನೆ ಮುಂದಿನ ತೋಟದ ಜಾಗದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಕಡೆ ನೀರು ಇಂಗದ ನೆಲ ಹಾಕಿ, ಆ ನೀರನ್ನು ಹುಲ್ಲಿಗೋ ಗಿಡದ ಪಾತಿಗೋ ಹರಿಸುವ ವ್ಯವಸ್ಥೆ ಮಾಡದಿದ್ದರೆ ಸ್ಥಳೀಯ ಆಡಳಿತದ ಪ್ಲಾನಿಂಗ್ ಅನುಮತಿ ಬೇಕು. ನೀರು ಇಂಗುವ ನೆಲವಾದರೆ ಎಷ್ಟು ದೊಡ್ಡದಾದರೂ ಈ ಅನುಮತಿ ಬೇಡ. ಹಿತ್ತಿಲ ಪ್ಯಾಟಿಯೊಗೆ ಈ 5 ಚದರ ಮೀಟರಿನ ಕಟ್ಟು ಇಲ್ಲ. ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ನಿಯಮ ಬೇರೆ ಇದೆ, ಅಲ್ಲಿರುವವರು ತಮ್ಮ ಕೌನ್ಸಿಲ್ಲಿನಲ್ಲಿ ಕೇಳಿಕೊಳ್ಳಬೇಕು.

ಒಂದು ಅಂಗಳದ ನೀರಿನಿಂದ ಏನಾಗುತ್ತದೆ ಎಂದು ಅನಿಸಬಹುದು. ಬ್ರಿಟನ್ನಿನ ಎಷ್ಟೋ ಹಳೆಯ ಊರುಗಳಲ್ಲಿ ಮಳೆನೀರು, ಕಕ್ಕಸಿನ ನೀರು ಎರಡೂ ಒಂದೇ ಒಳಚರಂಡಿಯಲ್ಲಿ ಹೋಗುತ್ತವೆ. ಮಳೆ ಜೋರಾದಾಗ ಆ ಕೊಳವೆ ಹಿಡಿಸುವುದಿಲ್ಲ. ಮನೆಗಳ ಒಳಗೆ ಹಿಂದಕ್ಕೆ ಉಕ್ಕಬಾರದೆಂದು ಹೆಚ್ಚಾದದ್ದನ್ನು ನದಿಗೆ, ಸಮುದ್ರಕ್ಕೆ ಬಿಡುತ್ತಾರೆ, ಹೊಲಸಿನ ಸಮೇತ. ಚಳಿಗಾಲದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ, ಅಲ್ಲಿನ ಜನ ಇದರ ಬಗ್ಗೆ ಸಿಟ್ಟಾಗಿದ್ದಾರೆ. ಬೀದಿಯ ನಲವತ್ತು ಮನೆಗಳು ತಮ್ಮ ತಮ್ಮ 800 ಲೀಟರನ್ನು ಅಂಗಳದ ಕೆಳಗೇ ಹಿಡಿದಿಟ್ಟರೆ 32,000 ಲೀಟರ್ ಆ ಕೊಳವೆಗೆ ಒಮ್ಮೆಲೇ ಬೀಳುವುದು ತಪ್ಪುತ್ತದೆ. ಮರಗಳ ಬೇರಿಗೆ ನೀರು, ಗಾಳಿ ಸಿಗುವುದು ಇನ್ನೊಂದು ಲಾಭ. ಬ್ರಿಟನ್ನಿನ ಫುಟ್‌ಪಾತ್‌ಗಳಲ್ಲಿ ಮರದ ಬುಡದ ಸುತ್ತ ರೆಸಿನ್ ಬೌಂಡ್ ಹಾಕಿರುವುದು ಇದೇ ಕಾರಣಕ್ಕೆ.

ಹೆಪ್ಪುಗಟ್ಟುವ ರಾತ್ರಿಗಳು

ನೀರು ಐಸ್ ಆದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಕೂದಲೆಳೆಯ ಬಿರುಕಿನಲ್ಲಿ, ಇಟ್ಟಿಗೆಯ ಸಂದಿನಲ್ಲಿ ನೀರು ತುಂಬಿಕೊಂಡಿದ್ದರೆ ಅದು ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ಕರಗಿದಾಗ ಆ ಅಗಲವಾದ ಬಿರುಕಿಗೆ ಇನ್ನಷ್ಟು ನೀರು ಸೇರುತ್ತದೆ. ಮತ್ತೆ ಹೆಪ್ಪು, ಮತ್ತೆ ಬಿರುಕು. ತಿಂಗಳುಗಟ್ಟಲೆ ಒಂದೇ ಸಮನೆ ಮೈನಸ್ಸಿನಲ್ಲಿರುವ ದೇಶಗಳಿಗಿಂತ ಸೊನ್ನೆಯ ಮೇಲೆ ಕೆಳಗೆ ಓಲಾಡುವ ಬ್ರಿಟನ್ನಿನ ಚಳಿಗೆ ಈ ಕಾಟ ಹೆಚ್ಚು ಸಲ ಮರುಕಳಿಸುತ್ತದೆ.

ರೆಸಿನ್ ಬೌಂಡ್‌ನಲ್ಲಿ ಸಂದುಗಳು ಒಂದಕ್ಕೊಂದು ಕೂಡಿಕೊಂಡಿವೆ. ಹೆಪ್ಪುಗಟ್ಟುವ ಹೊತ್ತಿಗೆ ಹೆಚ್ಚಿನ ನೀರು ಕೆಳಗಿಳಿದಿರುತ್ತದೆ. ಉಳಿದ ಚೂರು ನೀರು ಹಿಗ್ಗಿದರೂ ಪಕ್ಕದಲ್ಲಿ ಖಾಲಿ ಜಾಗವಿದೆ. ಜೊತೆಗೆ ಪಾಲಿಯುರೆಥೇನ್‌ಗೆ ಸಿಮೆಂಟಿಗಿಲ್ಲದ ಒಂದಿಷ್ಟು ಬಾಗುವ ಗುಣ ಇದೆ. ಈ ಮೂರೂ ಸೇರಿ ಅದು ಚಳಿಯನ್ನು ತಾಳಿಕೊಳ್ಳುತ್ತದೆ.

ಕಾಲಿನ ಕೆಳಗಿನ ಸುರಕ್ಷತೆಯೂ ಇದರಿಂದಲೇ ಬರುತ್ತದೆ. ಜಾರಿ ಬೀಳಿಸುವುದು ಹೆಚ್ಚಾಗಿ ಗುಂಡಿಯಲ್ಲಿ ನಿಂತ ನೀರಿನ ಮೇಲೆ ಕಟ್ಟುವ ತೆಳ್ಳನೆಯ, ಕಣ್ಣಿಗೆ ಕಾಣದ ಐಸ್ ಪದರ. ನೀರೇ ನಿಲ್ಲದಿದ್ದರೆ ಆ ಪದರ ಕಟ್ಟುವುದು ಕಡಿಮೆ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಇದು ಐಸ್ ಕಟ್ಟದ ನೆಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೋಡವಿಲ್ಲದ ಚಳಿರಾತ್ರಿಯಲ್ಲಿ ಗಾಳಿಯ ತೇವ ನೇರವಾಗಿ ಕಲ್ಲಿನ ಮೇಲೆ ಬಿಳಿ ಹಿಮದ ಪುಡಿಯಾಗಿ ಕೂರುತ್ತದೆ. ಹಿಮ ಬಿದ್ದರೆ ಇಲ್ಲೂ ಬೀಳುತ್ತದೆ. ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಇಳಿಜಾರಿನ ಡ್ರೈವ್‌ವೇ ಇದ್ದರೆ, ಅಥವಾ ಮನೆಯಲ್ಲಿ ವಯಸ್ಸಾದವರಿದ್ದರೆ, ಇನ್ನೂ ಒಂದು ಕೆಲಸ ಮಾಡಿಸಬಹುದು. ರೆಸಿನ್ ಹಸಿಯಿರುವಾಗಲೇ ಅದರ ಮೇಲೆ ಸಣ್ಣ ಗಾಜಿನ ಹರಳು ಎರಚುತ್ತಾರೆ. ಅದು ಕಾಲಿಗೆ, ಚಕ್ರಕ್ಕೆ ಹಿಡಿತ ಕೊಡುತ್ತದೆ. ಬ್ರಿಟನ್ನಿನಲ್ಲಿ ನೆಲದ ಜಾರುವಿಕೆಯನ್ನು ಲೋಲಕದ ಉಪಕರಣದಿಂದ ಅಳೆಯುತ್ತಾರೆ. ಒದ್ದೆ ನೆಲಕ್ಕೆ 36 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಬಂದರೆ ಜಾರುವ ಅಪಾಯ ಕಡಿಮೆ ಎಂದು ಲೆಕ್ಕ. ಆ ಪರೀಕ್ಷೆಯ ಅಂಕ ಕೇಳಿ ಪಡೆಯಿರಿ.

ಊರಿನಿಂದ ಬಂದ ಅಪ್ಪ ಅಮ್ಮ ಅಂಗಳದಲ್ಲಿ ನಡೆದಾಡುವಾಗ, ಮಗುವಿನ ತಳ್ಳುಗಾಡಿ ಅಥವಾ ಗಾಲಿಕುರ್ಚಿ ತಳ್ಳುವಾಗ, ಸಡಿಲ ಜಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಸಡಿಲ ಜಲ್ಲಿಯೂ ನೀರನ್ನು ಚೆನ್ನಾಗಿಯೇ ಬಿಡುತ್ತದೆ, ಅದಕ್ಕೆ ದುಡ್ಡೂ ಕಡಿಮೆ. ಆದರೆ ಚಕ್ರ ಹೂತುಕೊಳ್ಳುತ್ತದೆ, ಕಲ್ಲು ರಸ್ತೆಗೆ ಚೆಲ್ಲುತ್ತದೆ, ಹಿಮ ಬಿದ್ದ ದಿನ ಸಲಿಕೆಗೆ ಹಿಮದ ಜೊತೆ ಕಲ್ಲೂ ಬರುತ್ತದೆ.

ಹಿತ್ತಿಲ ಪ್ಯಾಟಿಯೊ

ಪ್ಯಾಟಿಯೊದಲ್ಲಿ ಕಾರಿನ ಭಾರ ಇಲ್ಲ. ಅಲ್ಲಿನ ತಾಪತ್ರಯ ಪಾಚಿ. ಉತ್ತರಕ್ಕೆ ಮುಖ ಮಾಡಿದ ಹಿತ್ತಿಲಿಗೆ ಅಲ್ಲಿನ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ. ಕಲ್ಲಿನ ಚಪ್ಪಡಿಗಳು ಹಸಿರುಗಟ್ಟಿ ಜಾರತೊಡಗುತ್ತವೆ. ಮಲೆನಾಡಿನ ಮಳೆಗಾಲದ ಅಂಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೆಸಿನ್ ಬೌಂಡ್ ಬೇಗ ಒಣಗುವುದರಿಂದ ಪಾಚಿಗೆ ಬೇಕಾದ ತೇವ ಕಡಿಮೆ ಸಿಗುತ್ತದೆ. ಚಪ್ಪಡಿಗಳ ನಡುವಿನ ಸಂದು ಇಲ್ಲದ್ದರಿಂದ ಕಳೆ ಕೀಳುವ ಕೆಲಸವೂ ಇಳಿಯುತ್ತದೆ. ಹಾಗೆಂದು ಪಾಚಿ ಬರುವುದೇ ಇಲ್ಲ ಎಂದಲ್ಲ. ಮರದ ನೆರಳಿನ ಮೂಲೆಯಲ್ಲಿ ಬರುತ್ತದೆ. ಗಾಳಿಗೆ ಬಂದ ಬೀಜ ಸಂದಿನ ಮಣ್ಣಿನಲ್ಲಿ ಮೊಳೆಯಬಹುದು. ಶರತ್ಕಾಲದ ಎಲೆ ಉದುರಿದಾಗ ವಾರಕ್ಕೊಮ್ಮೆ ಗುಡಿಸಿದರೆ ಅರ್ಧ ಕೆಲಸ ಮುಗಿದಂತೆ. ಬಿಟ್ಟರೆ ಎಲೆ ಕೊಳೆತು, ಪುಡಿಯಾಗಿ, ಸಂದುಗಳನ್ನು ಮುಚ್ಚುತ್ತದೆ. ಕಂದು ಕಲೆಯೂ ಉಳಿಯುತ್ತದೆ. ಗಿಡದ ಪಾತಿ ನೆಲಕ್ಕಿಂತ ಎತ್ತರದಲ್ಲಿದ್ದರೆ ಮಳೆಗೆ ಮಣ್ಣು ಹರಿದು ಬರುತ್ತದೆ, ಆದ್ದರಿಂದ ಪಾತಿಯನ್ನು ಒಂದೆರಡು ಇಂಚು ತಗ್ಗಿಸಿ. ಸಂದು ಕಟ್ಟಿಕೊಂಡ ರೆಸಿನ್ ಬೌಂಡ್ ಮಾಮೂಲಿ ಕಾಂಕ್ರೀಟಿನ ಥರವೇ ನೀರು ನಿಲ್ಲಿಸುತ್ತದೆ.

ಹಿಮ ತೆಗೆಯಲು ಪ್ಲಾಸ್ಟಿಕ್ ಸಲಿಕೆ ಸಾಕು, ಕಬ್ಬಿಣದ ಅಂಚು ಕಲ್ಲನ್ನು ಕೀಳುತ್ತದೆ. ಉಪ್ಪು ಹಾಕಬಹುದು, ರೆಸಿನ್‌ಗೆ ಅದರಿಂದ ಹಾನಿಯಿಲ್ಲ. ಆದರೆ ರಸ್ತೆಗೆ ಎರಚುವ ಕಂದು ಉಪ್ಪಿನಲ್ಲಿ ಮಣ್ಣು, ಮರಳು ಇರುತ್ತದೆ. ಬಿಳಿ ಉಪ್ಪು ವಾಸಿ. ಪ್ರೆಶರ್ ವಾಷರ್ ಬಳಸುವುದಾದರೆ ಒತ್ತಡ ತಗ್ಗಿಸಿ, ದೂರದಿಂದ ಹಿಡಿಯಿರಿ.

ಹಾಕಿಸಲು ಮಾತ್ರ ಚಳಿಗಾಲ ಬೇಡ

ಚಳಿಯಲ್ಲಿ ಚೆನ್ನಾಗಿ ಬಾಳುವ ಈ ನೆಲವನ್ನು ಹಾಕುವುದಕ್ಕೆ ಚಳಿ-ಮಳೆ ಒಳ್ಳೆಯ ಸಮಯವಲ್ಲ. ಕಾರಣ ರಸಾಯನದಲ್ಲಿದೆ. ಪಾಲಿಯುರೆಥೇನ್ ರೆಸಿನ್ ಎರಡು ದ್ರವಗಳನ್ನು ಬೆರೆಸಿ ಆಗುವುದು. ಒಂದು ಪಾಲಿಯಾಲ್, ಇನ್ನೊಂದು ಐಸೊಸಯನೇಟ್. ಇವೆರಡೂ ಕೂಡಿ ಗಟ್ಟಿಯಾಗಬೇಕು. ಆದರೆ ನೀರು ಕಂಡರೆ ಐಸೊಸಯನೇಟ್ ಅದರ ಜೊತೆಗೂ ಕೂಡಿಕೊಳ್ಳುತ್ತದೆ, ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗುಳ್ಳೆ ಏಳುತ್ತದೆ, ರೆಸಿನ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಕಲ್ಲು ಒಣಗಿರಬೇಕು, ಕೆಳಗಿನ ನೆಲ ಒಣಗಿರಬೇಕು, ಹಾಕಿದ ಕೆಲವು ಗಂಟೆ ಮಳೆ ಬೀಳಬಾರದು ಎನ್ನುವುದು ಇದಕ್ಕೇ.

ಚಳಿ ಇನ್ನೊಂದು ತೊಂದರೆ. ಬೇಸಿಗೆಯಲ್ಲಿ ಕೆಲವೇ ಗಂಟೆಯಲ್ಲಿ ಮೇಲೆ ನಡೆಯಬಹುದಾದ ನೆಲ ಚಳಿಯಲ್ಲಿ ಬಹಳ ನಿಧಾನ ಗಟ್ಟಿಯಾಗುತ್ತದೆ. ವೇಗ ಹೆಚ್ಚಿಸುವ ಪುಡಿ ಅಥವಾ ದ್ರವ ಬೆರೆಸುವುದುಂಟು. 5 ಡಿಗ್ರಿಗಿಂತ ಕೆಳಗೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ನವೆಂಬರಿನಲ್ಲಿ ರಿಯಾಯಿತಿ ದರ ಸಿಕ್ಕಿತೆಂದು ಅವಸರ ಮಾಡುವ ಬದಲು ಕೊಟೇಶನ್, ಮಣ್ಣಿನ ಪರೀಕ್ಷೆ ಚಳಿಗಾಲದಲ್ಲೇ ಮುಗಿಸಿ. ಹೇಗೂ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಆಗಲೇ ಚೆನ್ನಾಗಿ ಕಾಣುವುದು. ಕೆಲಸವನ್ನು ಏಪ್ರಿಲ್ ಕಳೆದ ಮೇಲೆ ಇಟ್ಟುಕೊಳ್ಳಿ.

ರೆಸಿನ್‌ನಲ್ಲೂ ಎರಡು ಬಗೆ. ಒಂದು ಬಿಸಿಲಿಗೆ ಹಳದಿ ತಿರುಗುವುದಿಲ್ಲ, ಇನ್ನೊಂದು ತಿರುಗುತ್ತದೆ. ಎರಡನೆಯದು ಅಗ್ಗ. ಗಾಢ ಬಣ್ಣದ ಕಲ್ಲಿಗೆ ಅದು ಅಷ್ಟಾಗಿ ಕಾಣುವುದಿಲ್ಲ, ತಿಳಿ ಬಣ್ಣಕ್ಕೆ ಮಾತ್ರ ಬೇಡ.

ಹಳೇ ಕಾಂಕ್ರೀಟಿನ ಮೇಲೆ ಹಾಕಿದರೆ?

ಕೇಳಿಬರುವ ಆಮಿಷ ಇದು. "ಅಗೆಯುವುದೇ ಬೇಡ, ಇರುವುದರ ಮೇಲೇ ಹಾಕಿಬಿಡ್ತೀವಿ." ಖರ್ಚು ಉಳಿಯುತ್ತದೆ, ಒಂದೆರಡು ದಿನದಲ್ಲಿ ಕೆಲಸವೂ ಮುಗಿಯುತ್ತದೆ. ನೋಡಲು ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ನೀರು 18 ಮಿಲಿಮೀಟರ್ ಇಳಿದು ಕಾಂಕ್ರೀಟಿಗೆ ಬಡಿದು ಅಲ್ಲೇ ಕೂರುತ್ತದೆ. ಸಂದುಗಳು ತುಂಬಿಕೊಂಡ ಮೇಲೆ ಹೆಪ್ಪುಗಟ್ಟಿದರೆ ಹಿಗ್ಗಲು ಜಾಗ ಇಲ್ಲ. ಮೇಲೆ ಹೇಳಿದ ಲಾಭಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿದವು. ಹಳೆಯ ಕಾಂಕ್ರೀಟಿನ ಬಿರುಕುಗಳೂ ಒಂದೆರಡು ಚಳಿಗಾಲದಲ್ಲಿ ಮೇಲಕ್ಕೆ ಮೂಡಿಬರುತ್ತವೆ. ಮುಂದಿನ ಅಂಗಳವಾದರೆ 2008ರ ನಿಯಮದ ಪ್ರಶ್ನೆಯೂ ಏಳುತ್ತದೆ.

ಇನ್ನೊಂದು ಅಪಾಯ ಗೋಡೆಗೆ. ಬ್ರಿಟನ್ನಿನ ಮನೆಗಳ ಗೋಡೆಯಲ್ಲಿ ನೆಲದ ತೇವ ಮೇಲೇರದಂತೆ ತಡೆಯುವ ಒಂದು ಪಟ್ಟಿ ಇರುತ್ತದೆ. ಹೊರಗಿನ ನೆಲ ಆ ಪಟ್ಟಿಗಿಂತ 150 ಮಿಲಿಮೀಟರ್ ಆದರೂ ಕೆಳಗಿರಬೇಕು. ಹಳೇ ನೆಲದ ಮೇಲೆ ಹೊಸ ಪದರ ಏರಿಸಿದರೆ ಈ ಅಂತರ ಕಡಿಮೆಯಾಗುತ್ತದೆ. ಚಳಿಗಾಲದ ಮಳೆ ನೆಲಕ್ಕೆ ಬಡಿದು ಪಟ್ಟಿಯ ಮೇಲಿನ ಇಟ್ಟಿಗೆಗೆ ಸಿಡಿಯುತ್ತದೆ. ಒಳಗೋಡೆಯಲ್ಲಿ ತೇವ, ಬೂಸಲು ಬರಲು ಅಷ್ಟು ಸಾಕು. ಟೇಪು ಹಿಡಿದು ಅಳೆದು ನೋಡುವುದು ಎರಡು ನಿಮಿಷದ ಕೆಲಸ.

ಅಗೆಸಲು ದುಡ್ಡಿಲ್ಲ, ಕಾಂಕ್ರೀಟ್ ಗಟ್ಟಿಯಾಗಿದೆ, ಪಟ್ಟಿಯ ಅಂತರವೂ ಸಾಕಷ್ಟಿದೆ ಎಂದಾದರೆ ಅದರ ಮೇಲೆ ಹಾಕಿಸುವುದರಲ್ಲಿ ತಪ್ಪಿಲ್ಲ. ಆಗ ಅದನ್ನು ನೀರು ಇಂಗದ ನೆಲವೆಂದೇ ಎಣಿಸಿ ಏರ್ಪಾಡು ಮಾಡಬೇಕು. ಮನೆಯಿಂದ ಆಚೆಗೆ ವಾಟ ಸರಿಯಾಗಿರಬೇಕು. ಕೆಳ ಅಂಚಿನಲ್ಲಿ ಉದ್ದಕ್ಕೂ ಒಂದು ಕಾಲುವೆ ಬೇಕು, ಅದರ ನೀರು ಹುಲ್ಲಿಗೋ ಪಾತಿಗೋ ಇಂಗುಗುಂಡಿಗೋ ಸೇರಬೇಕು. ಇಂಗುಗುಂಡಿ ಮನೆಯ ಪಾಯದಿಂದ 5 ಮೀಟರ್ ದೂರ ಇರಬೇಕು. ಇವೆಲ್ಲ ಕೊಟೇಶನ್ನಿನಲ್ಲಿ ಬರವಣಿಗೆಯಲ್ಲಿ ಬರಲಿ: ಕೆಳಗಿನ ಪದರ ಯಾವುದು, ಅದರ ದಪ್ಪ ಎಷ್ಟು, ಜಲ್ಲಿ ಯಾವ ಬಗೆಯದು, ನೀರು ಕೊನೆಗೆ ಎಲ್ಲಿ ಸೇರುತ್ತದೆ. ಕಲ್ಲಿನ ಬಣ್ಣ ಆರಿಸುವುದನ್ನು ಆಮೇಲೆ ನೋಡಿಕೊಳ್ಳಬಹುದು.